ನೋಡ್ತಾ ನೋಡ್ತಾ ಹಿಡಸ್ತಾನ

ಆಗಿದ್ದು ಇಷ್ಟೇ: ನನಗೆ ನನ್ನ ಗಂಡ ಎಂದೂ ಹಿಡಿಸಲಿಲ್ಲ. ತಾಳಿ ಕಟ್ಟಿದ ದಿನ ಹಿಡಿಸಲಿಲ್ಲ, ಮಣ್ಣು ಕೊಟ್ಟ ದಿನವೂ ಹಿಡಿಸಿರಲಿಲ್ಲ, ನಡುವೆ ಕಳೆದ ಅಷ್ಟೂ ವರ್ಷ ಹಿಡಿಸಲಿಲ್ಲ. ನಮ್ಮ ಮನೆಯ ಮಂದಿ ಮಾತ್ರ ನನ್ನ ಸಂಸಾರದ ಬಗ್ಗೆ ಬೇರೆಯೇ ಒಂದು ಕಥೆ ಕಟ್ಟಿ ಇಟ್ಟುಕೊಂಡಿದ್ದರು. ಮೊದಮೊದಲು ಅತ್ತಳಂತೆ, ಬರಬರುತ್ತ ಗಂಡನ ಮೇಲೆ ಜೀವ ಇಟ್ಟಳಂತೆ. ಕಥೆ ಅವರ ಬಾಯಲ್ಲೇ ಇದ್ದಷ್ಟು ದಿನ ನನಗೇನೂ ತ್ರಾಸಿರಲಿಲ್ಲ. ಅದನ್ನು ತಂದು ಮೊಮ್ಮಗಳ ಕೊರಳಿಗೆ ಕಟ್ಟಲು ಹೊರಟಾಗ ನಾನೂ ಬಾಯಿ ಬಿಡಬೇಕಾಯಿತು.

ನಾವಿರುವುದು ಮಸೂತಿಯಲ್ಲಿ. ನಾನು, ಮಗ, ಸೊಸೆ, ಮೊಮ್ಮಗಳು. ಮೊಮ್ಮಗಳು ಬಸವನ ಬಾಗೇವಾಡಿಯಲ್ಲಿ ರಕ್ತ ತಪಾಸಣೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಮುಂಜಾನೆ ಬಸ್ಸಿಗೆ ಹೋಗಿ, ಕಂಡವರ ತೋಳಿಗೆ ಸೂಜಿ ಚುಚ್ಚಿ, ಸಂಜೆ ಬಂದು ಸುದ್ದಿ ಹೇಳುತ್ತಾಳೆ.

"ಆಯಿ, ಇವತ್ತೊಬ್ಬಾವ ಹುರಿಮೀಸಿ ತಿರುವಿಕೊಂತ ಬಂದಿದ್ದ. ಸೂಜಿ ನೋಡಿ 'ಯವ್ವಾ' ಅಂತ ನನ್ನ ಕೈನ ಗಟ್ಟಿ ಹಿಡಕೊಂಡ ನೋಡು."

ಅಂಥ ಗಟ್ಟಿ ಹುಡುಗಿ. ಹೋದ ವರ್ಷ ಇವಳಿಗೆ ಇಂಡಿಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಬೀಜ-ಗೊಬ್ಬರದ ಅಂಗಡಿ, ಊರ ಹೊರಗೆ ಲಿಂಬೆ ತೋಟ, ಒಬ್ಬನೇ ಮಗ. ಕನ್ಯಾ ನೋಡಲು ತಾಯಿ, ಮಗ, ಜೋಡಿಗೆ ಒಂದಿಷ್ಟು ಹಿರಿಯರು ಕಾರಿನಲ್ಲಿ ಬಂದರು. ಸೊಸೆ ಶಿರಾ, ಉಪ್ಪಿಟ್ಟು ಮಾಡಿದ್ದಳು.

ಹುಡುಗನಲ್ಲಿ ಎತ್ತಿ ಹೇಳುವಂಥ ಐಬು ಒಂದೂ ಇರಲಿಲ್ಲ. ಅಂಗಿಗೆ ಇಸ್ತ್ರಿ ಇತ್ತು. ಹಲ್ಲು ಬೆಳ್ಳಗಿದ್ದವು, ನಮ್ಮ ಕಡೆ ಗಂಡುಹುಡುಗರಿಗೆ ಅದೂ ಒಂದು ಡಿಗ್ರಿ ಇದ್ದ ಹಾಗೆ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಉಪ್ಪಿಟ್ಟು ಚಲೋ ಆಗಿದೆ ಅಂದ. ಆಮೇಲೆ ನನ್ನ ಮಗನ ಕಡೆ ತಿರುಗಿ ಅಂಗಡಿಗೆ ಕೂಡಿಸಿದ ಹೊಸ ಗಾಜಿನ ಬಾಗಿಲ ಸುದ್ದಿ ತೆಗೆದ. ಗಾಜು ಎಲ್ಲಿಂದ ಬಂತು, ತರುವಾಗ ಹೇಗೆ ಒಡೆಯದಂತೆ ನೋಡಿಕೊಂಡರು, ಒಳಗೆ ಎಸಿ ಹಾಕಿದ ಮೇಲೆ ಗಿರಾಕಿಗಳು ಹೇಗೆ ಏಳಲು ಒಲ್ಲೆ ಅನ್ನುತ್ತಾರೆ. ಚಹಾ ಆರಿ ಹೋಗುವವರೆಗೂ ಬಾಗಿಲೇ ನಡೆಯಿತು. ಎದುರಿಗೇ ಕೂತಿದ್ದ ಮೊಮ್ಮಗಳ ಮಾತು ಬಂದದ್ದು ಒಂದೇ ಸಲ, ಅದೂ ಅವಳಪ್ಪನ ಮುಂದೆ.

"ಮದುವಿ ಆದಮ್ಯಾಲೂ ಬೇಕಾದ್ರ ಕೆಲಸಕ್ಕ ಹೋಗ್ಲಿ ಬಿಡ್ರಿ ಮಾವಾರ, ನಮ್ಮದೇನೂ ತಕರಾರಿಲ್ಲ."

ಅವನ ತಾಯಿ ನನ್ನ ಕಡೆ ಸರಿದು ಅಂದಳು: "ನಮ್ಮ ಹುಡುಗ ಭಾಳ ಸರಳ ರೀ ಅಮ್ಮಾರ. ಗಂಗಾಳದಾಗ ಏನ್ ಹಾಕಿದ್ರೂ ಸುಮ್ನ ಉಣ್ತಾನ."

ನಮ್ಮ ಎಮ್ಮೆಯೂ ಹಾಗೇ ಅನ್ನುವ ಮಾತು ತುಟಿಯವರೆಗೆ ಬಂದಿತ್ತು. ಸೊಸೆಗೆ ಹೇಗೆ ಗೊತ್ತಾಯಿತೋ, ಗಬಕ್ಕನೆ ನನ್ನ ಕೈಗೆ ಶಿರಾದ ತಾಟು ಕೊಟ್ಟಳು. ಬಾಯಿ ತುಂಬಿಕೊಂಡು ಕೂತೆ.

ಅವರಿಗೆ ಹುಡುಗಿ ಪಸಂದು ಬಿದ್ದಳು. ಅಮಾಸಿಯೊಳಗೆ ತಿಳಿಸಿರಿ ಅಂತ ಹೇಳಿ ಹೋದರು. ಕಾರಿನ ಧೂಳು ಇಳಿಯುವ ಮೊದಲೇ ಮೊಮ್ಮಗಳು ತಲೆಯಲ್ಲಿನ ಹೂ ಬಿಚ್ಚಿಟ್ಟು ಅಂದಳು: "ಅಪ್ಪಾ, ನನಗ ಹಿಡಸಲಿಲ್ಲ."

"ಯಾಕ? ಕುಡೀತಾನಂತ ಸುದ್ದಿ ಐತೇನು?"

"ಇಲ್ಲ."

"ಗುಟಕಾ?"

"ಅದೂ ಇಲ್ಲ. ಚಲೋ ಮನಷಾ ಇರಬೇಕು. ನನಗ ಹಿಡಸಲಿಲ್ಲ, ಅಷ್ಟ."

"ಕಾರಣ ಇಲ್ದ ಹೆಂಗ ಹಿಡಸಂಗಿಲ್ಲ? ಮಂದಿ ಕೇಳಿದ್ರ ನಾ ಏನ್ ಹೇಳ್ಲಿ?"

ಈ ನನ್ನ ಮಗ ಎಮ್ಮೆ ಕೊಳ್ಳಲು ಹೋದರೆ ಕೋಡು ಸರಿ, ಕೆಚ್ಚಲು ಸರಿ, ಹಾಲು ಸರಿ ಅಂತ ಎಲ್ಲ ನೋಡಿ, ಕೊನೆಗೆ 'ಯಾಕೋ ಮನಸ್ಸಿಗೆ ಬರಲಿಲ್ಲ ಬಿಡವ್ವಾ' ಅಂತ ಬರಿಗೈಯಲ್ಲಿ ಮನೆಗೆ ಬರುವವನು. ಅವನಿಗೆ ಯಾವ ಎಮ್ಮೆಯೂ ಕಾರಣ ಕೇಳಿದ್ದು ನಾ ಕಂಡಿಲ್ಲ. ಸಿಟ್ಟಿನಲ್ಲಿ ಆತ ತಂಗಿಗೆ ಫೋನು ಹಚ್ಚಿದ.

ತಂಗಿ ಅಂದರೆ ನನ್ನ ಮಗಳು. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನಮ್ಮ ಮನೆಯಲ್ಲಿ ಏನೇ ತೊಡಕಾದರೂ ಅವಳನ್ನು ಕರೆಸುತ್ತಾರೆ. ಅವಳು ಬಂದು ಇಂಗ್ಲಿಷಿನಲ್ಲಿ ಒಂದು ಮಾತು ಅಂದರೆ ತೊಡಕು ಬಿಡಿಸಿದ ಹಾಗೆ ಅಂತ ಎಲ್ಲರೂ ತಿಳಿದಿದ್ದಾರೆ, ಅವಳೂ ತಿಳಿದಿದ್ದಾಳೆ. ರವಿವಾರ ಮುಂಜಾನೆ ಬಂದಳು. ನಾನು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡು, ಕರಿಹಲಗೆ ಒಂದೇ ಇಲ್ಲ ಅನ್ನುವ ಹಾಗೆ ಸುರು ಮಾಡಿದಳು.

"ನೋಡವಾ, ಇಂಗ್ಲಿಷಿನ್ಯಾಗ 'ಗ್ರೋ ಆನ್' ಅಂತ ಒಂದು ಮಾತೈತಿ. ಮೊದಲ ನೋಡಿದಾಗ ಒಂದು ಹಿಡಸಂಗಿಲ್ಲ. ನೋಡ್ತಾ ನೋಡ್ತಾ, ಇದ್ದ ಇದ್ದಂಗ, ಗೊತ್ತಿಲ್ದಂಗ ಮನಸ್ಸಿನ್ಯಾಗ ಬೆಳದು ಬಿಡ್ತೈತಿ. ಒಂದು ಹಾಡು ತಗೋ. ಮೊದಲ ಸಲ ಕೇಳಿದಾಗ ಏನಿದು ಗದ್ದಲ ಅನಸ್ತೈತಿ. ನಾಕ ದಿನ ಬಿಟ್ಟು ನೋಡು, ರೊಟ್ಟಿ ಬಡಿಯೂಮುಂದ ನೀನ ಅದನ್ನ ಗುನುಗತಿರ್ತಿ."

ಮಾತು ನನಗೂ ಚಂದ ಅನಿಸಿತು. ಹಲ್ಲಿಲ್ಲದ ಬಾಯಲ್ಲೂ ಅನ್ನಲು ಬರುವಂಥ ಮಾತು. ಮೊರ ಕೆಳಗಿಟ್ಟೆ.

"ಎಷ್ಟು ಸಲ ಕೇಳಬೇಕು ಹಾಡು?" ಅಂತ ಕೇಳಿದೆ.

"ಅದು ಹಾಡಿನ ಮ್ಯಾಲೆ ಹೋಗ್ತೈತಿ ಯವ್ವಾ."

"ಕೇಳಿ ಕೇಳಿನೂ ಹಿಡಸಲಿಲ್ಲಂದ್ರ?"

"ಬಂದ್ ಮಾಡೂದು."

"ಗಂಡನ್ನ?"

"ಯವ್ವಾ!" ಅಂದಳು. ಒಳಗೆ ಸೊಸೆ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಬಿಟ್ಟಳು. ಕರಕಲು ವಾಸನೆ ಪಡಸಾಲೆಯವರೆಗೆ ಬಂತು.

ಮಗಳು ಬಿಡುವವಳಲ್ಲ. ಹಾಗಲಕಾಯಿ ಉದಾಹರಣೆ ಕೊಟ್ಟಳು, ಹೊಸ ಊರಿನ ನೀರಿನ ಉದಾಹರಣೆ ಕೊಟ್ಟಳು. ಮೂಗುಬೊಟ್ಟು ಮೊದಲು ಭಾರ ಅನಿಸುತ್ತದೆ, ಆಮೇಲೆ ಇಲ್ಲದಿದ್ದರೆ ಮೂಗೇ ಖಾಲಿ ಅನಿಸುತ್ತದೆ ಅಂದಳು. ಇಷ್ಟೆಲ್ಲ ಹೇಳಿದವಳು ತನ್ನ ಗಂಡನ ಉದಾಹರಣೆ ಮಾತ್ರ ಕೊಡಲಿಲ್ಲ. ಕೊಡಲು ಬರುವುದೂ ಇಲ್ಲ. ಅದೇ ಕಾಲೇಜಿನಲ್ಲಿ ಲೆಕ್ಕ ಕಲಿಸುವವನನ್ನು ತಾನೇ ಆರಿಸಿಕೊಂಡು, ಅವನೇ ಬೇಕು ಅಂತ ಹಟ ಹಿಡಿದು ಮದುವೆಯಾದವಳು.

"ನಿನಗ ನಿನ್ನ ಗಂಡ ಹಿಡಸಾಕ ಎಷ್ಟು ದಿವಸ ಬೇಕಾದುವು?" ಅಂದೆ.

"ಅದು ಬ್ಯಾರೆ ಮಾತು ಯವ್ವಾ."

"ಹೌದವಾ. ಉಳಿದವರದೆಲ್ಲಾ ಬ್ಯಾರೆ ಮಾತು."

ಮೊಮ್ಮಗಳು ನಕ್ಕಳು. ಅವಳು ನಕ್ಕದ್ದೇ ಮಗಳಿಗೆ ಚುಚ್ಚಿರಬೇಕು. ಕೊನೆಯ ಅಸ್ತ್ರ ತೆಗೆದಳು. ಆ ಅಸ್ತ್ರ ನಾನೇ.

"ದೂರ ಯಾಕ ಹೋಗ್ತೀ? ಇಲ್ಲೇ ಕುಂತಾಳಲ್ಲ ನಿಮ್ಮ ಆಯಿ. ಮದುವಿ ಆದ ಹೊಸದಾಗ ಮುತ್ಯಾನ ಮಾರಿ ನೋಡ್ತಿದ್ದಿಲ್ಲಂತ. ತವರಿಗೆ ಕಳಸ್ರಿ ಅಂತ ಅಳ್ತಿದ್ಲಂತ. ಮುಂದ ಏನಾತು? ಅಪ್ಪ ಉಣ್ಣೂತನಾ ಒಂದು ತುತ್ತು ಮುಟ್ಟತಿದ್ದಿಲ್ಲ. ಅಪ್ಪನ ಕಣ್ಣಿನ ಆಪರೇಶನ್‌ಗೆ ಸೊಲ್ಲಾಪುರಕ್ಕ ಹೋದಾಗ ಬಾಯಾಗ ಅನ್ನ ಹಾಕ್ಕೊಳ್ಳಿಲ್ಲ. ಮನಿ ತುಂಬಿಸಿಕೊಂಡ ದಿನ ಆಕಿ ಹೇಳಿದ ಒಡಪು ಇನ್ನೂ ಊರ ಹೆಣ್ಮಕ್ಕಳು ಹೇಳ್ತಾರ. ಇದಕ್ಕ ಅನ್ನೂದು ಗ್ರೋ ಆನ್. ಯವ್ವಾ, ಸಂಜೀಕ ಉಣ್ಣೂಮುಂದ ಎಲ್ಲಾರೂ ಕೂಡತೀವಿ. ನೀನ ನಿನ್ನ ಬಾಯಿಲೆ ಹೇಳು. ನಿನ್ನ ಮಾತಂದ್ರ ಕೇಳ್ತಾಳ."

ಹೀಗೆ ನನ್ನನ್ನು ಸಾಕ್ಷಿ ಕಟ್ಟೆಗೆ ಹತ್ತಿಸಿದರು. ಹತ್ತಿಸುವ ಮೊದಲು ಏನು ಹೇಳುತ್ತೀ ಅಂತ ಒಬ್ಬರೂ ಕೇಳಲಿಲ್ಲ.

ಒಡಪಿನ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಕಡೆ ಹೊಸ ಸೊಸೆ ಹೊಸ್ತಿಲು ದಾಟಬೇಕಾದರೆ ಗಂಡನ ಹೆಸರು ಹೇಳಬೇಕು. ಬರೀ ಹೆಸರು ಹೇಳಿದರೆ ನಾದಿನಿಯರು ಬಾಗಿಲು ಬಿಡುವುದಿಲ್ಲ, ಒಂದು ಚಂದದ ಮಾತು ಕಟ್ಟಿ ಅದರ ತುದಿಗೆ ಹೆಸರು ಇಡಬೇಕು. ಅದೇ ಒಡಪು. ಮದುವೆ ಆದದ್ದು ನನ್ನ ತವರು ಸಿಂದಗಿಯಲ್ಲಿ. ಅಲ್ಲಿಂದ ದಿಬ್ಬಣದ ಲಾರಿಯಲ್ಲಿ, ಮಂದಿಯ ನಡುವೆ ಮುದ್ದೆಯಾಗಿ ಕೂತು ಮಸೂತಿಗೆ ಬಂದಿದ್ದೆ. ದಾರಿಯಲ್ಲಿ ಲಾರಿ ನಿಂತಾಗೆಲ್ಲ ಗಂಡಸರು ಇಳಿದು ಹೋಗಿ ಬಂದರು. ಮದುಮಗಳು ಇಳಿಯಬಾರದು ಅಂದರು. ಹೊಸ್ತಿಲಿಗೆ ಬರುವಷ್ಟರಲ್ಲಿ ನನಗೆ ಉಚ್ಚೆ ತಡೆಯಲು ಆಗುತ್ತಿರಲಿಲ್ಲ. ನಾದಿನಿಯರು ಸಾಲಾಗಿ ಬಾಗಿಲಿಗೆ ಅಡ್ಡ ನಿಂತಿದ್ದರು. ನಾನು ಒಂದೇ ಉಸಿರಿಗೆ ಹೇಳಿದೆ:

"ಎರಿ ಹೊಲಕ್ಕ ಬಿಳಿಜೋಳ ಚಂದ, ಬಿಳಿಜೋಳಕ್ಕ ಹಿಂಗಾರಿ ಮಳಿ ಚಂದ, ತವರ ಮರತು ಬಂದೇನಿ ನಾನು, ನನಗ ಇವರ ನೆಳ್ಳ ಚಂದ."

ಅದರ ತುದಿಗೆ ಹೆಸರು. ಹೆಂಗಸರು ಹೋ ಅಂದರು. ಇಂಥ ಒಡಪು ಈ ಊರಲ್ಲೇ ಕೇಳಿಲ್ಲ ಅಂದರು. ಕೇಳಿರಲಿಕ್ಕಿಲ್ಲ, ಯಾಕೆಂದರೆ ಅದು ಸಿಂದಗಿಯಲ್ಲಿ ನಮ್ಮ ಓಣಿಯ ಒಬ್ಬ ಮುದುಕಿ ಎಲ್ಲ ಹುಡುಗಿಯರಿಗೂ ಕಲಿಸಿ ಕಳಿಸುತ್ತಿದ್ದ ಒಡಪು. ನಮ್ಮ ದೊಡ್ಡಕ್ಕನೂ ಅದನ್ನೇ ಹೇಳಿದಳು, ತುದಿಯ ಹೆಸರು ಮಾತ್ರ ಬೇರೆ. ದೊಡ್ಡಕ್ಕನ ಗಂಡನ ನೆರಳು ಚಂದ ಅಂತ ಅವನ ಹೆತ್ತ ತಾಯಿಯೂ ಅಂದದ್ದು ನಾ ಕೇಳಿಲ್ಲ. ಆ ಹೊತ್ತಿನಲ್ಲಿ ಇಪ್ಪತ್ತರ ಮಗ್ಗಿ ಹೇಳು ಅಂದಿದ್ದರೂ ಹೇಳಿ ಒಳಗೆ ಓಡುತ್ತಿದ್ದೆ. ಓಡಿದ್ದನ್ನೂ ಮಂದಿ ನೋಡಿದರು. "ಗಂಡನ ಮನಿ ಮ್ಯಾಲೆ ಎಷ್ಟು ಆಸೆ ನೋಡ್ರಿ ಹುಡುಗಿಗೆ" ಅಂದರು.

ಯಜಮಾನರು ಉಣ್ಣುವವರೆಗೆ ನಾನು ಉಣ್ಣಲಿಲ್ಲ, ಖರೆ. ನಮ್ಮ ಮನೆಯಲ್ಲಿ ಗಂಡಸರ ಊಟ ಮುಗಿಯುವವರೆಗೆ ಹೆಂಗಸರಿಗೆ ಗಂಗಾಳವೇ ಇಡುತ್ತಿರಲಿಲ್ಲ. ಅದನ್ನು ಪ್ರೀತಿ ಅನ್ನುವುದಾದರೆ ನಮ್ಮ ಓಣಿಯ ಹೆಂಗಸರೆಲ್ಲ ಆ ಕಾಲದಲ್ಲಿ ಪ್ರೀತಿಯಿಂದ ಹೊಟ್ಟೆ ಸುಟ್ಟುಕೊಂಡು ಕೂತಿದ್ದರು. ಇನ್ನು ಸೊಲ್ಲಾಪುರ. ಅವರ ಕಣ್ಣಿನ ಆಪರೇಶನ್ ಆದ ದಿನಗಳಲ್ಲೇ ನನ್ನ ದವಡೆ ಹಲ್ಲಿನ ವಸಡು ಬಾತಿತ್ತು. ಬಾಯಿ ತೆರೆಯಲೇ ಬರುತ್ತಿರಲಿಲ್ಲ. "ಯಾಕ ಉಣ್ಣವಲ್ಲಿ?" ಅಂತ ಕೇಳಿದವರಿಗೆ ದವಡೆಯ ಕಡೆ ಕೈಸನ್ನೆ ಮಾಡಿದೆ. ಅವರು ಅದನ್ನು ಎದೆಯ ಕಡೆ ತೋರಿಸಿದಳು ಅಂತ ತಿಳಿದರು.

ನನ್ನ ಯಜಮಾನರು ಕೆಟ್ಟ ಮನುಷ್ಯರಾಗಿರಲಿಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಕೆಟ್ಟವರಾಗಿದ್ದರೆ ಒಂದು ಅನುಕೂಲ ಇತ್ತು, ಮಂದಿ 'ಅಯ್ಯೋ ಪಾಪ' ಅಂತಾದರೂ ಅನ್ನುತ್ತಿದ್ದರು. ಇವರು ಗೋಡೆ ನೋಡುತ್ತ ಉಣ್ಣುತ್ತಿದ್ದರು. ಮಾತಾಡುವ ಮೊದಲು ಗಂಟಲು ಕೆರೆದುಕೊಳ್ಳುತ್ತಿದ್ದರು, ಕೆರೆದುಕೊಂಡ ಮೇಲೆ ಬರುತ್ತಿದ್ದದ್ದು ಎತ್ತಿನ ಮಾತು. ಪ್ರತಿ ದೀಪಾವಳಿಗೆ ಹಸಿರು ಸೀರೆ ತರುತ್ತಿದ್ದರು. ಹಸಿರು ನನಗೆ ಒಗ್ಗುವುದಿಲ್ಲ ಅಂತ ಒಮ್ಮೆ ಹೇಳಿದೆ. "ಹೌದೇನು?" ಅಂದರು. ಮರುವರ್ಷ ಮತ್ತೆ ಹಸಿರು ತಂದರು. ಅವರು ಸತ್ತಾಗ ಅತ್ತಿದ್ದೆ. ನಮ್ಮ ಬಿಳಿ ಎತ್ತು ಸತ್ತಾಗಲೂ ಅತ್ತಿದ್ದೆ. ಎತ್ತು ನನ್ನ ದನಿ ಕೇಳಿದರೆ ಕಿವಿಯಾದರೂ ಅಲ್ಲಾಡಿಸುತ್ತಿತ್ತು.

ಹಾಗಂತ ಮಗಳು ಹೇಳಿದ ಮಾತು ಸುಳ್ಳಲ್ಲ. ಮೊದಲು ಹಿಡಿಸದೆ ಆಮೇಲೆ ಮನಸ್ಸಿನಲ್ಲಿ ಬೆಳೆದವರು ನನಗೂ ಇದ್ದಾರೆ. ನನ್ನ ಅತ್ತೆ. ಬಂದ ಹೊಸತರಲ್ಲಿ ಅವಳ ದನಿ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ರೊಟ್ಟಿಯ ಅಂಚು ದಪ್ಪ, ಕಸ ಗುಡಿಸುವ ಕೈ ಮೆತ್ತಗೆ, ಸಿಂದಗಿಯವರಿಗೆ ಸಾರು ಮಾಡಲು ಬರುವುದಿಲ್ಲ, ದಿನಾ ಇದೇ. ಒಂದು ದಿನ ಕೊಟ್ಟಿಗೆಯಲ್ಲಿ ಸಗಣಿ ಬಳಿಯುವಾಗ ಅವಳು ತನ್ನ ಮಗನ ಹಾಗೆ ಗಂಟಲು ಕೆರೆದುಕೊಂಡು, ಗೋಡೆ ನೋಡಿ, "ಕರಿ ಎತ್ತು ಇವತ್ತ ಮೇವು ಸರೀ ತಿನ್ನಲಿಲ್ಲ" ಅಂದಳು. ಇಬ್ಬರೂ ಸಗಣಿ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕೆವು. ಆಮೇಲೆ ಅವಳು ಬೈದರೂ ಕೇಳಲು ಚಂದ ಅನಿಸುತ್ತಿತ್ತು. ಅವಳು ಹೋದ ಮೇಲೆ ಮನೆಯಲ್ಲಿ ನನಗೆ ಮಾತಾಡಲು ಜನವೇ ಇಲ್ಲದಂತಾಯಿತು. ಗ್ಯಾಸಿನ ಒಲೆಯೂ ಹಾಗೇ. ಮೊದಲು ಅದರ ಹತ್ತಿರ ಹೋಗಲು ಹೆದರುತ್ತಿದ್ದೆ, ಈಗ ಅದನ್ನು ಬಿಟ್ಟಿರಲಾರೆ.

ಅಂದರೆ ಮಾತು ಖರೆ. ಆದರೆ ಅದು ಆದ ಮೇಲೆ ಹೇಳುವ ಮಾತು. ಹಿಡಿಸಿತು ಅಂತ ಹಿಂತಿರುಗಿ ನೋಡಿ ಅನ್ನಬಹುದು. ಹಿಡಿಸುತ್ತಾನೆ ಅಂತ ಮೊದಲೇ ಹೇಳುವವರು ಯಾರು? ಬೀಜ ಮಾರುವವನೂ ಮೊಳಕೆ ಬರುತ್ತದೆ ಅಂತ ಚೀಟಿ ಕೊಡುತ್ತಾನೆ, ಬರದಿದ್ದರೆ ಅವನ ಅಂಗಡಿಗೆ ಹೋಗಿ ಜಗಳ ಆಡಬಹುದು. ಇವರು ಯಾವ ಚೀಟಿ ಕೊಡುತ್ತಾರೆ? ಇನ್ನೊಂದು ನೋಡಿದೆ. ಇಂಡಿಯ ಹುಡುಗನಿಗೆ ಈ ಮಾತನ್ನು ಯಾರೂ ಹೇಳುತ್ತಿರಲಿಲ್ಲ. ಅವನಿಗೆ ಹಿಡಿಸದಿದ್ದರೆ 'ಬೇರೆ ಕಡೆ ನೋಡೋಣ' ಅನ್ನುತ್ತಿದ್ದರು, ಮುಗಿಯಿತು. ಬೆಳೆಯುವ ಹೊಲ ಎಂದೂ ಹುಡುಗಿಯ ಮನಸ್ಸೇ. ಗಂಡಿನ ಮನಸ್ಸಿನಲ್ಲಿ ಏನು ಬಿತ್ತಿದರೂ ಹುಟ್ಟುವುದಿಲ್ಲ ಅಂತ ಎಲ್ಲರಿಗೂ ಗೊತ್ತಿರಬೇಕು.

ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗಳು ಹಿತ್ತಲಿಗೆ ಬಂದಳು. ನಾನು ನೀರಿನ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದೆ. ತೊಟ್ಟಿಯ ದಂಡೆಯ ಮೇಲೆ ಕೂತಳು. ಸೂಜಿ ಹಿಡಿದು ಊರ ಗಂಡಸರನ್ನು ಅಳಿಸುವ ಹುಡುಗಿಯ ಮುಖ ಅಂದು ಸಣ್ಣದಾಗಿತ್ತು.

"ಆಯಿ, ಖರೆ ಹೇಳು. ಅತ್ತಿ ಹೇಳಿದ್ದು ಹೌದೇನು? ಹೌದಂದ್ರ ನಾ ಹೂಂ ಅಂತೇನಿ. ದಿನಾ ಇವರ ಮಾರಿ ನೋಡಾಕಾಗವಲ್ದು. ಅವ್ವ ಮಾತು ಬಿಟ್ಟಾಳ, ಅಪ್ಪ ಉಣ್ಣೂದ ಬಿಟ್ಟಾನ. ನನ್ನ ಮನಸ್ಸ ಸೊಟ್ಟ ಐತೇನೋ ಅನಸಾಕತ್ತೈತಿ."

"ಆ ಹುಡುಗನ್ನ ನೆನಿಸಿದ್ರ ಏನ್ ಅನಸ್ತೈತಿ?"

"ಏನೂ ಅನಸಂಗಿಲ್ಲ ಆಯಿ. ಗಾಜಿನ ಬಾಗಲಾ ಅಷ್ಟ ನೆನಪಿಗೆ ಬರ್ತೈತಿ."

"ನನಗ ಎತ್ತು ನೆನಪಿಗೆ ಬರ್ತಿದ್ದುವು" ಅಂದೆ.

ಹುಡುಗಿ ನನ್ನ ಮುಖ ನೋಡಿದಳು. "ಅಂದ್ರ ಮುತ್ಯಾ ನಿನಗ..."

"ಹಿಡಸಲಿಲ್ಲ. ರೂಢಿ ಆದ್ರು. ಮೊಣಕಾಲ ನೋವು ರೂಢಿ ಆಗ್ತೈತಿ. ಆತಂತ ಅದನ್ನ ಯಾರೂ ಪ್ರೀತಿ ಅನ್ನಂಗಿಲ್ಲ."

"ಇಷ್ಟು ವರ್ಷ ಹೆಂಗ ಮಾಡಿದಿ?"

"ಹೆಂಗ ಮಾಡೂದು? ಕೈತುಂಬ ದಗದ ಇತ್ತು. ಹೊಲ ಇತ್ತು, ದನ ಇದ್ದುವು, ನಿಮ್ಮಪ್ಪ ಇದ್ದ. ಆಗ ನನ್ನ ಯಾರೂ ಕೇಳಿರಲಿಲ್ಲ, ನಾ ಹೇಳಲಿಲ್ಲ. ನಿನ್ನ ಕೇಳ್ಯಾರ. ಕೇಳಿದ ಮ್ಯಾಲೂ ನೀ ಸುಳ್ಳ ಹೇಳಿದ್ರ ನನಕಿಂತ ದಡ್ಡಿ ನೀ."

ಹುಡುಗಿ ತೊಟ್ಟಿಯೊಳಗೆ ಕೈ ಬಿಟ್ಟು ನೀರು ಕಲಕುತ್ತ ಕೂತಳು. ಹೋಗುವಾಗ ಒಂದು ಮಾತು ಅಂದಳು: "ಸಂಜೀಕ ಎಲ್ಲಾರ ಮುಂದ ಹೇಳ್ತೀಯೇನು ಇದನ್ನ?" ನಾನು ಕಾಲು ಒರೆಸಿಕೊಂಡೆ.

ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಊಟಕ್ಕೆ ಕೂತರು. ಗೋಡೆಯ ಮೇಲೆ ನನ್ನ ಗಂಡನ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹೂವಿನ ಮಾಲೆ. ಮಗಳು ಶೇಂಗಾ ಹಿಂಡಿಗೆ ಮೊಸರು ಹಾಕಿಕೊಳ್ಳುತ್ತ ಹುರುಪಿನಿಂದ ಅಂದಳು: "ಹೇಳವಾ ಯವ್ವಾ. ಅಪ್ಪ ನಿನಗ ಹೆಂಗ ಹಿಡಸಿದ್ರು?"

"ಹಿಡಸಲಿಲ್ಲ" ಅಂದೆ.

ಮೊದಲು ನಕ್ಕರು. ಮುದುಕಿ ಚಾಷ್ಟಿ ಮಾಡುತ್ತಾಳೆ ಅಂತ ತಿಳಿದರು. ನಾನು ಒಡಪಿನ ಸಂಗತಿ ಹೇಳಿದೆ, ಲಾರಿಯ ಸಂಗತಿ ಹೇಳಿದೆ, ಹಲ್ಲಿನ ಸಂಗತಿ ಹೇಳಿದೆ. ನಗು ಒಂದೊಂದೇ ಮುಖದಿಂದ ಇಳಿಯಿತು. ಮಗಳ ಕಣ್ಣು ತುಂಬಿದವು.

"ಅಪ್ಪನ ಫೋಟೋದ ಮುಂದ ಕುಂತು ಹಿಂಗ ಅಂತಿಯೇನ ಯವ್ವಾ?"

"ಹಿಂದ ಕುಂತು ಅನ್ನಾಕ ಗ್ವಾಡಿ ಐತಿ."

ಮಗ ಕೈಯಲ್ಲಿನ ತುತ್ತು ಗಂಗಾಳಕ್ಕೆ ಇಟ್ಟ. "ಹಂಗಾರ ನಾವು? ನಾವು ಹೆಂಗ ಹುಟ್ಟಿದ್ವಿ?"

"ಅದಕ್ಕ ಹಿಡಸಬೇಕಂತ ಎಲ್ಲೈತೋ ತಮ್ಮಾ?" ಅಂದೆ. "ನಿಮ್ಮನ್ನ ಹಡದೇನಿ, ಸಾಕೇನಿ, ನೀವು ಇಬ್ಬರೂ ನನಗ ಹಿಡಸೀರಿ. ಅವರ ಮ್ಯಾಲೆ ನನಗ ಸಿಟ್ಟೂ ಇಲ್ಲ. ಆದ್ರ ಹುಡುಗಿ ಮುಂದ ನನ್ನ ಹೆಸರು ಹೇಳಿ ಸುಳ್ಳ ಮಾರಬ್ಯಾಡ್ರಿ. ಆಕಿ ಬ್ಯಾಡ ಅಂದಾಳ. ಬ್ಯಾಡ ಅಂದ್ರ ಬ್ಯಾಡ. ನೋಡ್ತಾ ನೋಡ್ತಾ ಹಿಡಸ್ತಾನಂತ ನನಗೂ ಹೇಳಿದ್ರು. ನಾ ಅವರು ಸಾಯೂತನಾ ನೋಡೇನಿ."

ಅಡುಗೆ ಮನೆಯಿಂದ ಒಂದು ನಗು ಕೇಳಿಸಿತು. ಸೊಸೆಯದು. ಬಾಯಿಗೆ ಸೆರಗು ಹಿಡಿದುಕೊಂಡಿದ್ದರೂ ಕೇಳಿಸಿತು. ಮಗ ಅತ್ತ ತಿರುಗಿದ. ಅವನ ಮುಖದ ಮೇಲೆ ಅದುವರೆಗೆ ಬಾರದ ಒಂದು ಹೆದರಿಕೆ ಬಂತು.

"ನಿನಗ?" ಅಂತ ಕೇಳಿದ.

"ರೊಟ್ಟಿ ಆರ್ತಾವ, ಉಣ್ಣ್ರಿ" ಅಂದಳು ಸೊಸೆ.

ಅವನು ಉಂಡ. ಇನ್ನೊಮ್ಮೆ ಕೇಳುವ ಧೈರ್ಯ ಮಾಡಲಿಲ್ಲ. ಮಗಳು ಮೂಗು ಒರೆಸಿಕೊಂಡು ಮೊಮ್ಮಗಳ ಕಡೆ ನೋಡಿ, ಈ ಸಲ ಇಂಗ್ಲಿಷ್ ಬಿಟ್ಟು, "ನೀ ಹೇಳವಾ, ಖರೇನ ಬ್ಯಾಡೇನು?" ಅಂತ ಕೇಳಿದಳು.

"ಬ್ಯಾಡ ಅತ್ತಿ" ಅಂದಳು ಹುಡುಗಿ. ದನಿ ಗಟ್ಟಿಯಾಗಿತ್ತು. ಅಷ್ಟಾದ ಮೇಲೆ ಎರಡನೆಯ ರೊಟ್ಟಿ ಹಾಕಿಸಿಕೊಂಡಳು.

ಸರಿ, ಬೇಡ ಅಂತಾಯಿತು. ಇಂಡಿಯವರಿಗೆ ತಿಳಿಸುವವರು ಯಾರು? ಅಮಾಸಿಗೆ ಇನ್ನೆರಡೇ ದಿನ ಇತ್ತು. ಮಗ ಫೋನು ಕೈಯಲ್ಲಿ ಹಿಡಿದ, ಮತ್ತೆ ಜೇಬಿಗೆ ಹಾಕಿದ. ಜಾತಕ ಕೂಡಲಿಲ್ಲ ಅಂತ ಹೇಳಿದರೆ ಹೇಗೆ ಅಂದ. ಮಗಳು, ಹುಡುಗಿ ಇನ್ನೂ ಓದುತ್ತಾಳಂತೆ ಅಂತ ಹೇಳೋಣ ಅಂದಳು. ಮನೆಯಲ್ಲಿ ಸೂತಕ ಆಗಿದೆ ಅನ್ನೋಣ ಅಂದ ಮಗ, ನನ್ನ ಕಡೆ ನೋಡಿ. ಹುಡುಗಿಯ ಇಲ್ಲ ಅನ್ನುವ ಮಾತಿಗೆ ಅಂಗಿ ತೊಡಿಸಲು ಅಣ್ಣ-ತಂಗಿ ಬಹಳ ಹೊತ್ತು ಕೂತರು. ಸುಳ್ಳು ಹೇಳಿದರೆ ಆ ಮಂದಿ ಅದಕ್ಕೊಂದು ಪರಿಹಾರ ಹುಡುಕಿಕೊಂಡು ಮತ್ತೆ ಬರುತ್ತಾರೆ, ಜಾತಕಕ್ಕೆ ಶಾಂತಿ ಮಾಡಿಸುತ್ತಾರೆ, ಓದು ಮುಗಿಯುವವರೆಗೆ ಕಾಯುತ್ತಾರೆ, ಅಷ್ಟರಲ್ಲಿ ಹುಡುಗಿಯ ಗಟ್ಟಿ ದನಿ ಮೆತ್ತಗಾಗುತ್ತದೆ. ಇದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ನಾನು ಹೋಗಿ ಮಲಗಿದೆ.

ಮರುದಿನ ಮುಂಜಾನೆ ಜಳಕ ಮಾಡಿ, ಇಳಕಲ್ ಸೀರೆ ಉಟ್ಟು, ಬಸ್ಸಿನಲ್ಲಿ ತೋರಿಸಲು ಆಧಾರ್ ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡು ಮೊಮ್ಮಗಳು ಹೋಗುವ ಬಸ್ಸಿಗೇ ಹೊರಟೆ. ಎಲ್ಲಿಗೆ ಅಂತ ಮಗ ಬಾಗಿಲಲ್ಲಿ ಕೇಳಿದ. ಇಂಡಿಗೆ ಅಂದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ನನ್ನನ್ನು ತಡೆಯುವುದು ಅವನಿಗೆ ಕಷ್ಟವಾಗಿದೆ. ಮೊಮ್ಮಗಳು ಬಾಗೇವಾಡಿಯಲ್ಲಿ ಇಳಿದು ಲ್ಯಾಬಿಗೆ ಹೋದಳು. ನಾನು ವಿಜಯಪುರದಲ್ಲಿ ಬಸ್ಸು ಬದಲಿಸಿ, ಬಿಸಿಲೇರುವ ಹೊತ್ತಿಗೆ ಇಂಡಿ ಮುಟ್ಟಿ, ಹುಡುಗನ ಮನೆ ಕೇಳಿಕೊಂಡು ಹೋದೆ. ತಾಯಿ ಅಂಗಳದಲ್ಲಿ ಕಾಳು ಒಣ ಹಾಕುತ್ತಿದ್ದಳು. "ಬರ್ರಿ ಅಮ್ಮಾರ, ಒಬ್ಬರ ಬಂದೀರಲ್ಲ" ಅಂತ ಚಾಪೆ ಹಾಸಿದಳು. ಕೂಡಲಿಲ್ಲ. "ನಿಮ್ಮ ಹುಡುಗನಾಗ ಐಬು ಏನೂ ಇಲ್ರಿ, ನಮ್ಮ ಹುಡುಗಿಗೆ ಹಿಡಸಲಿಲ್ಲ. ಬ್ಯಾರೆ ಕಡೆ ನೋಡ್ರಿ" ಅಂತ ನಿಂತುಕೊಂಡೇ ಹೇಳಿದೆ. ಆಮೇಲೆ ಚಾಪೆಯ ಮೇಲೆ ಕೂತು ನೀರು ಕೇಳಿದೆ.